ಮಾಳಿಗೆ ಮೇಲಿನ ಪ್ರೊಜೆಕ್ಟರ್: ಮೂರು ಬೇಸಿಗೆ ಬಳಸಿದ ಮೇಲೆ

2023ರ ಏಪ್ರಿಲ್‌ನಲ್ಲಿ ಆನ್‌ಲೈನ್‌ನಲ್ಲಿ ಒಂದು ಸಣ್ಣ ಎಲ್‌ಇಡಿ ಪ್ರೊಜೆಕ್ಟರ್ ತರಿಸಿದೆ. ಏಳೂವರೆ ಸಾವಿರ ರೂಪಾಯಿ. ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ, ಕೆಳಗೆ ಎರಡೇ ಖೋಲಿ, ಮೇಲೆ ದೊಡ್ಡ ಮಾಳಿಗೆ, ಅಂದರೆ ತೆರೆದ ತಾರಸಿ. ನಾಲ್ಕು ದಿನ ಬಳಸಿ ಐದು ಸ್ಟಾರ್ ಕೊಟ್ಟವರ ಮಾತು ಓದಿ ಖರೀದಿಸಿದವನು ನಾನು. ಅದಕ್ಕೇ ಮೂರು ಬೇಸಿಗೆ ಪೂರಾ ಬಳಸಿ ಆಮೇಲೆ ಬರೆಯೋಣ ಅಂತ ಕಾದೆ. ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಬಿಳಿ ಡಬ್ಬಿ ಹತ್ತು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ.

ಮೊದಲು ಬೆಳಕಿನ ವಿಷಯ, ಯಾಕಂದ್ರೆ ಎಲ್ಲರೂ ಮೋಸ ಹೋಗುವುದು ಅಲ್ಲೇ. ಡಬ್ಬಿ ಮೇಲೆ ದೊಡ್ಡಕ್ಷರದಲ್ಲಿ 9000 ಲ್ಯೂಮೆನ್ಸ್ (ಬೆಳಕಿನ ಅಳತೆ) ಅಂತ ಇತ್ತು. ಜೊತೆಗೆ ಬಂದ ಪುಸ್ತಕದ ಕೊನೇ ಪುಟದಲ್ಲಿ 200 ಆನ್ಸಿ ಲ್ಯೂಮೆನ್ಸ್ ಅಂತ ಸಣ್ಣದಾಗಿ ಬರೆದಿತ್ತು. ನೀವು ನಂಬಬೇಕಾದದ್ದು ಈ ಎರಡನೇದು. ಪರದೆಯನ್ನು ಒಂಬತ್ತು ಭಾಗ ಮಾಡಿ, ಒಂದೊಂದರ ಬೆಳಕು ಅಳೆದು ಸರಾಸರಿ ತೆಗೆಯುವ ಲೆಕ್ಕ ಅದು. ಮೊದಲನೇದಕ್ಕೆ ಯಾವ ಅಳತೆಯೂ ಇಲ್ಲ, ಬಾಯಿಗೆ ಬಂದ ಸಂಖ್ಯೆ. '4ಕೆ ಸಪೋರ್ಟ್' ಅನ್ನೋದೂ ಹಾಗೇ. 4ಕೆ ವಿಡಿಯೊ ಕೊಟ್ಟರೆ ಅದು ತಗೊಳ್ಳುತ್ತದೆ, ಆದರೆ ಗೋಡೆ ಮೇಲೆ ಬರುವುದು 720ಪಿ ಮಾತ್ರ, ಅಂದರೆ 4ಕೆಯ ಒಂಬತ್ತನೇ ಒಂದು ಪಾಲು ಚುಕ್ಕಿ. ಇದು ಗೊತ್ತಿದ್ದೇ ಖರೀದಿಸಿದರೆ ಬೇಜಾರಿಲ್ಲ. ನನಗೆ ಗೊತ್ತಿರಲಿಲ್ಲ, ಮೊದಲನೇ ವಾರ ತುಂಬಾ ಸಿಟ್ಟು ಬಂದಿತ್ತು.

200 ಲ್ಯೂಮೆನ್ಸ್ ಅಂದರೆ ಹಗಲಲ್ಲಿ ಏನೂ ಕಾಣಲ್ಲ. ಮೇ ತಿಂಗಳಲ್ಲಿ ನಮ್ಮಲ್ಲಿ ಸರಿಯಾಗಿ ಕತ್ತಲಾಗುವ ಹೊತ್ತಿಗೆ ಏಳೂವರೆ ಆಗಿರುತ್ತದೆ. ಐಪಿಎಲ್ ರಾತ್ರಿ ಮ್ಯಾಚ್ ಶುರುವಾಗೋದೂ ಏಳೂವರೆಗೇ, ಹಾಗಾಗಿ ನಡೆದುಹೋಯಿತು. ಹತ್ತು ಅಡಿ ದೂರ ಇಟ್ಟರೆ ಮೂಲೆಯಿಂದ ಮೂಲೆಗೆ ಎಂಟಡಿ ಚಿತ್ರ ಬರುತ್ತದೆ. ಪರದೆಗೆ ಮೊದಲು ಬಿಳಿ ಚಾದರ ಕಟ್ಟಿದ್ದೆ, ಗಾಳಿ ಬಂದರೆ ಬ್ಯಾಟ್ಸ್‌ಮನ್ ಡೊಂಕಾಗುತ್ತಿದ್ದ. ಆಮೇಲೆ ಮೆಟ್ಟಿಲು ಖೋಲಿಯ ಗೋಡೆಗೆ ಪುಟ್ಟಿ ಹಚ್ಚಿ, ಹೊಳಪಿಲ್ಲದ ಬಿಳಿ ಬಣ್ಣ ಬಳಿದೆ. ಒಂದು ಭಾನುವಾರದ ಕೆಲಸ. ಸಾವಿರಾರು ರೂಪಾಯಿ ಕೊಟ್ಟು ಸ್ಕ್ರೀನ್ ತರಿಸಬೇಡಿ.

ಕತ್ತಲೆ ದೃಶ್ಯಗಳಲ್ಲಿ ಇದು ಸೋಲುತ್ತದೆ. ಕಪ್ಪು ಅನ್ನೋದು ಇದಕ್ಕೆ ಬರೋದೇ ಇಲ್ಲ, ಬೂದಿ ಬಣ್ಣ ಬರುತ್ತದೆ. 'ಕೆಜಿಎಫ್' ಹಚ್ಚಿದಾಗ ಗಣಿಯೊಳಗೆ ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಅಂತ ಶಬ್ದದ ಮೇಲೆ ಊಹೆ ಮಾಡಬೇಕಾಯಿತು. ಅದೇ 1972ರ 'ಬಂಗಾರದ ಮನುಷ್ಯ' ಹಾಕಿ ನೋಡಿ, ಬಿಸಿಲು, ಹೊಲ, ರಾಜ್‌ಕುಮಾರ್ ಮುಖ ಎಲ್ಲ ಲಕಲಕ ಹೊಳೆಯುತ್ತದೆ. ಹಾಗಾಗಿ ನಮ್ಮ ಮಾಳಿಗೆಯಲ್ಲಿ ಹಳೇ ಸಿನಿಮಾಗಳೇ ಜಾಸ್ತಿ ಓಡಿವೆ. ಅವನ್ನು ಬಿಟ್ಟರೆ ಕ್ರಿಕೆಟ್, ಬಿಟ್ಟರೆ ಯೂಟ್ಯೂಬ್‌ನ ಉತ್ತರ ಕರ್ನಾಟಕದ ಕಾಮಿಡಿ ವಿಡಿಯೊಗಳು.

ಮೊಬೈಲ್ ಪರದೆಯನ್ನೇ ನೇರ ಕ್ಯಾಸ್ಟ್ ಮಾಡಿದರೆ ಎಷ್ಟೋ ಒಟಿಟಿ ಆ್ಯಪ್‌ಗಳಲ್ಲಿ ಮಾತು ಕೇಳುತ್ತದೆ, ಚಿತ್ರ ಕಪ್ಪಾಗುತ್ತದೆ. ಕಾಪಿ ತಡೆಯಲು ಅವರೇ ಹಾಕಿದ ಬೀಗ ಅದು. ಎಚ್‌ಡಿಎಂಐ ತೂತಿಗೆ ಚುಚ್ಚಿ ಆ್ಯಪ್‌ಗಳನ್ನು ಓಡಿಸುವ ಸ್ಟಿಕ್ ಒಂದು ಬೇಕೇ ಬೇಕು, ಆ ಖರ್ಚನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಒಳಗಿನ ಸ್ಪೀಕರ್ ಏನೂ ಉಪಯೋಗವಿಲ್ಲ. ಬ್ಲೂಟೂತ್ ಸ್ಪೀಕರ್‌ನಲ್ಲಿ ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತದೆ, ಅದಕ್ಕೆ ನಾನು ವೈರ್ ಹಾಕಿಯೇ ಕೇಳುತ್ತೇನೆ. ಕರೆಂಟ್ ಖರ್ಚು ಕಡಿಮೆ. ನನ್ನದು 60 ವ್ಯಾಟ್‌ನದು, ಮೂರು ಗಂಟೆ ಸಿನಿಮಾಕ್ಕೆ ಕಾಲು ಯೂನಿಟ್ ಕೂಡ ಆಗಲ್ಲ. ಕರೆಂಟ್ ಹೋದರೂ ಇನ್ವರ್ಟರ್ ಮೇಲೆ ಆರಾಮ ನಡೆಯುತ್ತದೆ.

ನಿಜವಾದ ಕಷ್ಟ ಬಿಸಿಲಿನದು. ಎರಡನೇ ಬೇಸಿಗೆ, 2024ರ ಮೇ, ಹಗಲಲ್ಲಿ 42-43 ಡಿಗ್ರಿ. ರಾತ್ರಿ ಎಂಟಾದರೂ ಮಾಳಿಗೆಯ ಶಹಾಬಾದ್ ಕಲ್ಲು ಕಾದ ಹಂಚು. ಒಂದು ರಾತ್ರಿ ಚಿತ್ರದ ನಡುವೆ ಹಳದಿ ಕಲೆ ಕಂಡಿತು, ವಾರದಲ್ಲಿ ಅಂಗೈಯಷ್ಟಾಯಿತು. ವಾರಂಟಿ ಹಿಂದಿನ ತಿಂಗಳಷ್ಟೇ ಮುಗಿದಿತ್ತು. ಕಂಪನಿಗೆ ಫೋನ್ ಮಾಡಿದರೆ ನಿಮ್ಮ ಖರ್ಚಲ್ಲೇ ದೆಹಲಿಗೆ ಕಳಿಸಿ, ನೋಡಿ ಹೇಳುತ್ತೇವೆ ಅಂದರು. ಮೂರು ಸಲ ಕೇಳಿದರೂ ಎಷ್ಟಾಗುತ್ತದೆ ಅಂತ ಹೇಳಲಿಲ್ಲ. ಕೊನೆಗೆ ಸೂಪರ್ ಮಾರ್ಕೆಟ್ ಕಡೆಯ ಒಬ್ಬ ಟಿವಿ ಮೆಕ್ಯಾನಿಕ್ ಬಳಿ ಒಯ್ದೆ. ಬಿಚ್ಚಿ ತೋರಿಸಿದರು. ಒಳಗಿನ ಪೋಲರೈಸರ್ ಅನ್ನೋ ತೆಳು ಹಾಳೆ ಶಾಖಕ್ಕೆ ಸುಟ್ಟಿತ್ತು, ಲೆನ್ಸ್ ಹಿಂದೆ ಎರೆಮಣ್ಣಿನ ಧೂಳು ಕೂತಿತ್ತು. 'ಲೈಟ್ ಏನೂ ಆಗಿಲ್ಲ ತಮ್ಮಾ, ಗಾಳಿ ಆಡಂಗಿಲ್ಲ ಇದರೊಳಗ, ಅದಕ್ಕ ಸುಟ್ಟದ' ಅಂದರು. ಆರು ನೂರು ರೂಪಾಯಿಗೆ ಸರಿಯಾಯಿತು. ಆವತ್ತಿನಿಂದ ಪ್ರೊಜೆಕ್ಟರ್ ಹಿಂದೆ ಒಂದು ಟೇಬಲ್ ಫ್ಯಾನ್ ಇಡುತ್ತೇನೆ, ಮತ್ತೆ ಕಲೆ ಬಂದಿಲ್ಲ. ಕೂಲರ್ ಮುಂದೆ ಮಾತ್ರ ಇಡಬೇಡಿ, ತೇವ ಒಳಗೆ ಹೋಗುತ್ತದೆ. 30,000 ಗಂಟೆ ಬಾಳುತ್ತದೆ ಅನ್ನುವ ಜಾಹೀರಾತು ಎಲ್‌ಇಡಿ ದೀಪದ್ದಷ್ಟೇ. ನಮ್ಮ ಊರಿನ ಬಿಸಿಲು ಧೂಳಿಗೆ ಉಳಿದದ್ದೆಲ್ಲ ಅದಕ್ಕೂ ಮೊದಲೇ ಕೈಕೊಡುತ್ತದೆ.

ಇಷ್ಟೆಲ್ಲ ದೂರು ಹೇಳಿದರೂ ಇದನ್ನು ತಗೊಂಡದ್ದಕ್ಕೆ ನನಗೆ ತುಂಬಾ ಖುಷಿ ಇದೆ. ಮೊದಲು ಊಟ ಆದ ಮೇಲೆ ನಾನೊಂದು ಮೂಲೆಯಲ್ಲಿ ರೀಲ್ಸ್, ತಂಗಿ ಇನ್ನೊಂದು ಮೂಲೆಯಲ್ಲಿ, ಅವ್ವ ಟಿವಿ ಮುಂದೆ ಒಬ್ಬಳೇ ಧಾರಾವಾಹಿ. ಈಗ ಸಂಜೆ ಆರಕ್ಕೆ ಅವ್ವನೇ ಮಾಳಿಗೆಗೆ ನಾಲ್ಕು ಕೊಡ ನೀರು ಚೆಲ್ಲಿ ಕಲ್ಲು ತಣ್ಣಗೆ ಮಾಡುತ್ತಾಳೆ, ಚಾಪೆ ಬರುತ್ತದೆ, ಪಕ್ಕದ ಮನೆಯಿಂದ ಸುಸಲಾ (ಒಗ್ಗರಣೆ ಮಂಡಕ್ಕಿ) ಬರುತ್ತದೆ. ಎರಡು ದಿನ ಹಚ್ಚದಿದ್ದರೆ ಎದುರು ಮನೆ ಆಯಿ ಕೆಳಗಿನಿಂದಲೇ ಕೂಗುತ್ತಾರೆ: 'ತಮ್ಮಾ, ಇವತ್ತ ಪಿಚ್ಚರ್ ಹಚ್ಚಂಗಿಲ್ಲೇನು?' ಹಿಂದಿನ ಓಣಿಯ ಚಾಚಾ ಉರ್ದು ಮಾತಾಡುವವರು, ರಾಜ್‌ಕುಮಾರ್ ಸಿನಿಮಾ ಅಂದರೆ ಮೊದಲು ಬಂದು ಕೂರುತ್ತಾರೆ.

ಹೀಗೆ ಎಲ್ಲರೂ ಕೂತು ನೋಡುವಾಗ ಒಂದು ವಿಷಯ ಮನಸ್ಸಿಗೆ ಚುಚ್ಚುತ್ತದೆ. ಸಿನಿಮಾದಲ್ಲಿ ನಮ್ಮ ಕಡೆ ಮಾತಾಡುವವನು ಬಂದರೆ ಅವನು ಮನೆಯ ಆಳು, ಇಲ್ಲಾ ನಗಿಸುವವನು. ಆಯಿ ಒಮ್ಮೆ ಕೇಳಿದರು, 'ಹೀರೋಗ ನಮ್ಮಂಗ ಮಾತಾಡ್ಲಿಕ್ಕ ಬರಂಗಿಲ್ಲೇನು?' ಅಂತ. ನನ್ನ ಬಳಿ ಉತ್ತರ ಇರಲಿಲ್ಲ. 2022ರಲ್ಲಿ 'ಕಾಂತಾರ' ಕರಾವಳಿಯ ಮಾತನ್ನು ಇಟ್ಟುಕೊಂಡೇ ದೇಶ ಸುತ್ತಿತು. ಕಲಬುರಗಿ ಮಾತಿನಲ್ಲಿ ಅಳುವ, ಪ್ರೀತಿಸುವ, ಸಿಟ್ಟಾಗುವ ಹೀರೋ ಬಂದರೆ ಜನ ನೋಡಲ್ವಾ? ನಮ್ಮ ಮಾಳಿಗೆ ಮೇಲಂತೂ ನಿಲ್ಲಲು ಜಾಗ ಇರಲ್ಲ.

2025ರ ಜೂನ್ 3ರ ರಾತ್ರಿಯದನ್ನೂ ಹೇಳಲೇಬೇಕು. ಆರ್‌ಸಿಬಿ ಮತ್ತು ಪಂಜಾಬ್ ಫೈನಲ್. ನಲವತ್ತು ಜನ ಇದ್ದರೇನೋ, ಗೋಡೆಯ ಮೇಲೂ ಹುಡುಗರು. ಸ್ಟಿಕ್‌ನಲ್ಲಿ ಮ್ಯಾಚ್ ಅರ್ಧ ನಿಮಿಷದಷ್ಟು ತಡ, ಡಿಶ್ ಇರುವ ಮನೆಗಳಿಂದ ಕೂಗು ಮೊದಲೇ ಕೇಳುತ್ತದೆ. ಇದು ಈ ವ್ಯವಸ್ಥೆಯ ದೊಡ್ಡ ಕೊರತೆ. ಕೊನೇ ಓವರ್‌ಗೆ ಓಣಿಯವರೆಲ್ಲ ಮಾತಾಡಿಕೊಂಡು ಟಿವಿ ಆಫ್ ಮಾಡಿ ನಮ್ಮಲ್ಲಿಗೇ ಬಂದರು. 6 ರನ್‌ನಿಂದ ಗೆದ್ದಾಗ, 18 ವರ್ಷ ಕಾದ ಕೊಹ್ಲಿ ಎಂಟಡಿ ಗೋಡೆ ಮೇಲೆ ಅಳುತ್ತಿದ್ದಾಗ, ಚಾಚಾ ನನ್ನ ಹೆಗಲು ಹಿಡಿದು ಅತ್ತರು. ಮರುದಿನ ಬೆಂಗಳೂರಿನ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಆ ವಾರ ಪ್ರೊಜೆಕ್ಟರ್ ಹಚ್ಚಲಿಲ್ಲ. ಯಾರೂ ಕೇಳಲೂ ಇಲ್ಲ.

ಸ್ಟಾರ್ ಕೊಡಬೇಕಂದರೆ ಯಂತ್ರಕ್ಕೆ ಐದಕ್ಕೆ ಮೂರು, ಕಂಪನಿಯ ಸರ್ವಿಸ್‌ಗೆ ಒಂದು. ಮಾಳಿಗೆ ಇಲ್ಲದವರು, ಒಬ್ಬರೇ ನೋಡುವವರು ಇದೇ ದುಡ್ಡಿಗೆ ಟಿವಿ ತಗೊಳ್ಳಿ, ಚಿತ್ರ ಚೆನ್ನಾಗಿರುತ್ತದೆ. ನಾನು ಮುಂದಿನ ಸಲ ಧೂಳು ಹೋಗದಂತೆ ಮುಚ್ಚಿದ ಲೆನ್ಸ್ ಇರುವ, 1080ಪಿ, ಆನ್ಸಿ ಲೆಕ್ಕದಲ್ಲೇ ಕನಿಷ್ಠ 400 ಇರುವುದನ್ನು ನೋಡುತ್ತೇನೆ. ಹಳೇದನ್ನು ಮಾರಲ್ಲ. ಆಯಿಗೆ ಈಗ ಮೊಳಕಾಲು ನೋವು, ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಅವರ ಖೋಲಿಯ ಗೋಡೆಗೂ ಒಂದು ಕೋಟ್ ಬಿಳಿ ಬಳಿಯಬೇಕು.