ಚೈನ್‌ಸಾ ಇಗ್ನಿಷನ್: ವೈರ್ ಮಾತ್ರ ಬದಲಿಸಬೇಕಾ, ಕಾಯಿಲ್ ಸಮೇತವಾ?

ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಬರುತ್ತಿಲ್ಲ ಅಂತ ಕೂಡಲೇ ಹೊಸ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ತರಬೇಡಿ. ಸ್ವಿಚ್‌ನಿಂದ ಬರುವ ತೆಳು ವೈರನ್ನು ಕಾಯಿಲ್ ಬಳಿ ಕಳಚಿ, ಮತ್ತೆ ಕಿಡಿ ನೋಡಿ. ಈಗ ಬಂತಾ? ಹಾಗಾದರೆ ಕಾಯಿಲ್ ಚೆನ್ನಾಗಿದೆ. ವೈರ್ ಎಲ್ಲೋ ಸವೆದು ಲೋಹಕ್ಕೆ ತಾಗುತ್ತಿದೆ, ಇಲ್ಲವೇ ಸ್ವಿಚ್ ಕೆಟ್ಟಿದೆ. ಅದನ್ನಷ್ಟೇ ಬದಲಿಸಿದರೆ ಸಾಕು, ಖರ್ಚೂ ಕಡಿಮೆ. ಆದರೆ ಆ ವೈರ್ ಇಲ್ಲದೆ ಮರ ಕೊಯ್ಯಲೇಬೇಡಿ; ಎಂಜಿನ್ ನಿಲ್ಲಿಸುವುದು ಅದೇ ಅಲ್ವಾ?

ಪ್ಲಗ್‌ಗೆ ಹೋಗುವ ದಪ್ಪ ವೈರ್ ಬಿರುಕು ಬಿಟ್ಟಿದ್ದರೆ ಟೇಪ್ ಸುತ್ತಿ ಪ್ರಯೋಜನವಿಲ್ಲ. ಸಾವಿರಾರು ವೋಲ್ಟ್ ಅಲ್ಲಿಂದಲೇ ಸೋರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಅದು ಕಾಯಿಲ್‌ಗೇ ಅಂಟಿರುತ್ತದೆ, ಹಾಗಾಗಿ ಜೊತೆಗೇ ಬದಲಿಸಿ. ಹೊಸ ಕಾಯಿಲ್ ಕೂರಿಸುವಾಗ ಫ್ಲೈವೀಲ್‌ನಿಂದ (ಎಂಜಿನ್ ಜೊತೆ ತಿರುಗುವ ಚಕ್ರ) ಸುಮಾರು 0.3 ಮಿ.ಮೀ. ಅಂತರ ಬಿಡಿ; ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ.