ಹಳೇ ಥಾರ್‌ಗೆ ಟ್ಯೂನಿಂಗ್ ಬಾಕ್ಸಾ, ರೀಮ್ಯಾಪಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೀಮ್ಯಾಪ್‌ಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಪ್ರೋಗ್ರಾಮನ್ನೇ ತಿದ್ದುವುದಕ್ಕೆ. ಅದೂ ಗಾಡಿಯನ್ನು ಡೈನೋ (ಚಕ್ರವನ್ನು ರೋಲರ್ ಮೇಲೆ ಓಡಿಸಿ ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಹತ್ತಿಸಿ, ಎಂಜಿನ್ ರೀಡಿಂಗ್‌ಗಳ ಲಾಗ್ ನೋಡಿಕೊಂಡು ಬರೆದ ಮ್ಯಾಪ್‌ಗೆ. ಎಳೆತ ಹೆಚ್ಚಿಸಲು ಸೆನ್ಸರ್ ವೈರಿಗೆ ಸಿಕ್ಕಿಸುವ ಟ್ಯೂನಿಂಗ್ ಬಾಕ್ಸನ್ನೂ ಒಂದು ಮಳೆಗಾಲ ಪೂರ್ತಿ ಹಾಕಿಕೊಂಡು ಓಡಿಸಿದ್ದೇನೆ, ಕೇಳಿದ್ದನ್ನು ಸುಮ್ನೆ ಹೇಳುತ್ತಿಲ್ಲ.

ನನ್ನದು ಮಹೀಂದ್ರಾದ ಹಳೇ ಥಾರ್ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್), 2.5 ಲೀಟರ್ ಎಂಜಿನ್. ಕಂಪನಿ ಲೆಕ್ಕದಲ್ಲಿ 105 ಎಚ್‌ಪಿ, 247 ಎನ್‌ಎಂ ಟಾರ್ಕ್ (ಎಳೆಯುವ ಬಲ). ಸಕಲೇಶಪುರದ ಕಡೆ ತೋಟದ ರಸ್ತೆ, ಹಿಂದೆ ಗೊಬ್ಬರದ ಚೀಲ, ಆಗಾಗ ಶಿರಾಡಿ ಇಳಿದು ಮಂಗಳೂರು. ನನಗೆ ಟಾಪ್ ಸ್ಪೀಡ್ ಬೇಡ. ತಿರುವಿನಲ್ಲಿ ಎರಡನೇ ಗೇರಿನಲ್ಲಿ, 1,500 ಆರ್‌ಪಿಎಂ ಹತ್ತಿರ ಗಾಡಿ ಸೋಲುತ್ತಿತ್ತು. ಅದೊಂದು ಸರಿಹೋದರೆ ಸಾಕಿತ್ತು.

ಮೊದಲು ಹಾಕಿಸಿದ್ದು ಬಾಕ್ಸ್. ಕಾಮನ್ ರೈಲ್ ಎಂಜಿನ್‌ನಲ್ಲಿ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹೋಗುವುದು ರೈಲ್ ಅನ್ನುವ ಒಂದೇ ಪೈಪಿನಿಂದ. ಅದರೊಳಗೆ ಡೀಸೆಲ್ ಒತ್ತಡ ಎಷ್ಟಿದೆ ಅಂತ ಇಸಿಯುಗೆ ಹೇಳಲು ರೈಲಿನ ಮೇಲೆ ಒಂದು ಸೆನ್ಸರ್ ಇರುತ್ತದೆ. ಬಾಕ್ಸ್ ಈ ಎರಡರ ನಡುವೆ ಕೂತು, ಇರುವುದಕ್ಕಿಂತ ಕಡಿಮೆ ಒತ್ತಡ ತೋರಿಸುತ್ತದೆ. ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ. ಇಂಜೆಕ್ಟರ್ ತೆರೆದಿರುವ ಹೊತ್ತು ಅಷ್ಟೇ, ಒಳಗೆ ಹೋಗುವ ಡೀಸೆಲ್ ಜಾಸ್ತಿ. ಒಟ್ಟಿನಲ್ಲಿ ಇಸಿಯುಗೆ ಸುಳ್ಳು ಹೇಳುವ ಡಬ್ಬಿ. ಎಳೆತ ಜಾಸ್ತಿ ಆಗಿದ್ದು ನಿಜ. ಆದರೆ ನನ್ನ ಬಾಕ್ಸ್ ಎಂಜಿನ್‌ಗೆ ಟರ್ಬೋ ತಳ್ಳುವ ಗಾಳಿಯ ತಂಟೆಗೆ ಹೋಗುತ್ತಿರಲಿಲ್ಲ. ಡೀಸೆಲ್ ಹೆಚ್ಚಿ ಗಾಳಿ ಅಷ್ಟೇ ಇದ್ದರೆ ಏನಾಗುತ್ತೆ? ಕಪ್ಪು ಹೊಗೆ. ಹಿಂದೆ ಬರುವ ಬೈಕಿನವರು ಬಯ್ಯುವಷ್ಟು.

ಹೊಗೆಯನ್ನಾದರೂ ಸೆಟ್ಟಿಂಗ್ ಇಳಿಸಿ ಸಹಿಸಬಹುದಿತ್ತು. ತಲೆ ತಿಂದಿದ್ದು ಅದರ ಕನೆಕ್ಟರ್, ಅಂದರೆ ವೈರ್ ಸಿಕ್ಕಿಸುವ ಕಪ್ಲರ್.

ಕಂಪನಿ ಕಪ್ಲರ್‌ನಲ್ಲಿ ರಬ್ಬರ್ ಸೀಲ್ ಬಿಗಿಯಾಗಿ ಕೂರುತ್ತದೆ. ಬಾಕ್ಸಿನ ಜೊತೆ ಬಂದ ಕಪ್ಲರ್ 'ಟಕ್' ಅಂತ ಕೂತರೂ ಕೈಯಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಮಲೆನಾಡಿನ ಜುಲೈನಲ್ಲಿ ಗೊತ್ತಾಗುತ್ತದೆ. ಶಿರಾಡಿ ಏರುವಾಗ ಟ್ಯಾಂಕರ್ ಹಿಂದಿಕ್ಕಲು ಕಾಲು ಒತ್ತಿದರೆ ಚೆಕ್ ಎಂಜಿನ್ ಲೈಟ್ ಹತ್ತಿ ಗಾಡಿ ಲಿಂಪ್ ಮೋಡ್‌ಗೆ ಹೋಗುತ್ತಿತ್ತು. ಆಕ್ಸಿಲರೇಟರ್ ನೆಲಕ್ಕೆ ಅಂಟಿಸಿದರೂ ಎಂಜಿನ್ ಮೇಲೇಳುವುದಿಲ್ಲ. ಎದುರಿಗೆ ಬಸ್ಸು, ಪಕ್ಕದಲ್ಲಿ ಟ್ಯಾಂಕರ್. ಸೈಡಿಗೆ ಹಾಕಿ, ಕೀ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತದೆ.

ಸ್ಕ್ಯಾನ್ ಮಾಡಿಸಿದರೆ ಪಿ0191, ಅಂದರೆ ರೈಲ್ ಪ್ರೆಶರ್ ಸೆನ್ಸರಿನ ರೀಡಿಂಗ್ ತಾಳೆಯಾಗುತ್ತಿಲ್ಲ. ಮೆಕ್ಯಾನಿಕ್ ಸೆನ್ಸರ್ ಬದಲಾಯಿಸೋಣ ಅಂದರು. ನಾನು ಬಾಕ್ಸ್ ಕಿತ್ತು ಹಳೇ ಕಪ್ಲರನ್ನು ನೇರ ಸಿಕ್ಕಿಸಿ ನೋಡಿದೆ. ಎಷ್ಟು ಮಳೆ ಹೊಯ್ದರೂ ಲೈಟ್ ಹತ್ತಲಿಲ್ಲ. ಬಾಕ್ಸಿನ ಕಪ್ಲರ್ ಒಳಗೆ ಟಾರ್ಚ್ ಬಿಟ್ಟರೆ ಪಿನ್ ಮೇಲೆ ಹಸಿರು ಕಿಲುಬು! ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಗ್ರೀಸ್ ಹಚ್ಚಿದೆ, ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದೆ. ಒಂದಿಷ್ಟು ದಿನ ಸರಿ, ಆಮೇಲೆ ಮತ್ತದೇ ರಾಗ.

ಆಮೇಲೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ರೀಮ್ಯಾಪ್. ಲ್ಯಾಪ್‌ಟಾಪ್ ತೆಗೆಯುವ ಮೊದಲೇ ಟ್ಯೂನರ್ ಕೇಳಿದ್ದು, “ಸಾರ್, ಗಾಡಿ ಜಾಸ್ತಿ ಎಲ್ಲಿ ಓಡುತ್ತೆ? ಹೈವೇನಾ, ಗುಡ್ಡಾನಾ?” ಬಾಕ್ಸ್ ಮಾರಿದವರು ಇದನ್ನು ಕೇಳಿರಲೇ ಇಲ್ಲ. ಗಾಡಿಯನ್ನು ಟೂ-ವೀಲ್ ಡ್ರೈವ್‌ನಲ್ಲೇ ಇಟ್ಟು ಹಿಂದಿನ ಚಕ್ರ ರೋಲರ್ ಮೇಲೆ ಹತ್ತಿಸಿದರು. ಮೊದಲ ರನ್‌ನಲ್ಲೇ ಬೂಸ್ಟ್ (ಟರ್ಬೋ ತಳ್ಳುವ ಗಾಳಿಯ ಒತ್ತಡ) ಕಡಿಮೆ ಬಂತು. ಹುಡುಕಿದರೆ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹೋಸಿನ ಕ್ಲ್ಯಾಂಪ್ ಸಡಿಲವಾಗಿ ಸುತ್ತ ಆಯಿಲ್ ಜಿಡ್ಡು. ಬಿಗಿ ಮಾಡಿ ಮತ್ತೆ ಓಡಿಸಿದಾಗ ಗ್ರಾಫ್ ಮೇಲೇರಿತು. ನನ್ನ ದೂರಿನ ಒಂದು ಪಾಲು ಸ್ಕ್ರೂಡ್ರೈವರ್‌ನಲ್ಲೇ ಮುಗಿಯಿತು ಅನ್ನಿ. ಇದಕ್ಕೇ ಡೈನೋ ಬೇಕು ಅನ್ನುವುದು.

ನಂತರ ಇಸಿಯುನಲ್ಲಿದ್ದ ಒರಿಜಿನಲ್ ಮ್ಯಾಪ್ ಫೈಲ್ ಓದಿ ಒಂದು ಕಾಪಿ ಉಳಿಸಿಕೊಂಡರು. ಅದನ್ನು ಕೇಳಿ ಪಡೆಯಿರಿ, ಮುಂದೆ ಬೇಕಾಗುತ್ತದೆ. ಬೂಸ್ಟ್, ಡೀಸೆಲ್ ಎರಡನ್ನೂ ಜೊತೆಗೇ ಏರಿಸಿದರು, ಹಾಗಾಗಿ ಹೊಗೆ ತುಂಬಾ ಕಡಿಮೆ. ಕ್ಲಚ್ ಕಂಪನಿಯದ್ದೇ ಇರುವುದರಿಂದ ಟಾರ್ಕ್‌ಗೆ ಮಿತಿ ಹಾಕಿ ಅಂತ ನಾನೇ ಹೇಳಿದೆ. ಲೋಡ್ ಹಾಕಿಕೊಂಡು ಏರು ಹತ್ತುವವರು ಟಾರ್ಕ್ ಆಸೆಗೆ ಬಿದ್ದರೆ ಮೊದಲು ಹೋಗುವುದು ಕ್ಲಚ್ ಪ್ಲೇಟ್. ಈಗ ಅದೇ ತಿರುವಿನಲ್ಲಿ ಹಾಫ್ ಕ್ಲಚ್ ಒತ್ತುವ ಕೆಲಸವಿಲ್ಲ.

ಡೈನೋ ಇಲ್ಲದೆ ರೆಡಿಮೇಡ್ ಮ್ಯಾಪ್ ಫೈಲ್ ಹಾಕಿಕೊಡುವವರೂ ಇದ್ದಾರೆ. ಅಗ್ಗ, ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಗೆಳೆಯನ ಸ್ಕಾರ್ಪಿಯೋದಲ್ಲಿ ಓಡಿಸಿ ನೋಡಿದೆ, ಹೈವೇಯಲ್ಲಿ ಮಜಾ, ತೋಟದಲ್ಲಿ ಏನೂ ವ್ಯತ್ಯಾಸವಿಲ್ಲ.

ಮೈಲೇಜ್: ಕಾಲು ಹಗುರವಿದ್ದರೆ ಮೊದಲಿನಷ್ಟೇ.

ದುಡ್ಡು: ರೀಮ್ಯಾಪ್, ಡೈನೋ ಸೇರಿ ಬಾಕ್ಸಿಗಿಂತ ಜಾಸ್ತಿ ಆಯಿತು. ಬಾಕ್ಸ್ ಅರ್ಧ ಬೆಲೆಗೆ ಮಾರಿದೆ, ಕಿಲುಬಿನ ವಿಷಯ ಹೇಳಿಯೇ.

ಬಾಕ್ಸಿಗೆ ಒಂದೇ ಒಂದು ಪ್ಲಸ್ ಪಾಯಿಂಟ್ ಇದೆ. ಬೇಡವಾದರೆ ಕಿತ್ತಿಡಬಹುದು. ನನ್ನ ಗಾಡಿಯ ವಾರಂಟಿ ಎಂದೋ ಮುಗಿದಿದೆ, ನನಗೆ ಅದರಿಂದ ಲಾಭವಿಲ್ಲ. ಕಾನೂನಿಗೆ ಎರಡೂ ಒಂದೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ಸ್ಪೆಸಿಫಿಕೇಶನ್ ಬದಲಿಸಲು ಬಿಡುವುದಿಲ್ಲ. ಇನ್ಶೂರೆನ್ಸ್ ಕ್ಲೇಮ್ ಮಾಡುವಾಗಲೂ ತಕರಾರು ಬರಬಹುದು, ಅದನ್ನು ಯೋಚಿಸಿಯೇ ಇಳಿಯಿರಿ.

2020ರ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಥಾರ್ ಇರುವವರಿಗೆ ಬಾಕ್ಸನ್ನಂತೂ ನಾನು ಹೇಳಲ್ಲ. ಅದರಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್ ಇದೆ, ಹೊಗೆ ಹೆಚ್ಚಾದಷ್ಟೂ ಅದು ಬೇಗ ಕಟ್ಟಿಕೊಳ್ಳುತ್ತದೆ. “ಡಿಪಿಎಫ್ ತೆಗೆದುಬಿಡೋಣ ಸಾರ್” ಅಂದ ಗ್ಯಾರೇಜಿನಿಂದ ಕೀ ವಾಪಸ್ ಇಸಿದುಕೊಂಡು ಬನ್ನಿ.