ಕಾಫಿಪುಡಿ ಬಣ್ಣದ ಗೋಡೆಯೊಂದಿಗೆ ನಾಲ್ಕು ಮಳೆಗಾಲ

ಸಾಗರದ ನಮ್ಮ ಮನೆಯ ನಡುಮನೆಗೂ ಅಡುಗೆಮನೆಯ ಓಣಿಗೂ ಗಾಢ ಕಂದು ಬಣ್ಣ ಬಳಿಸಿದ್ದು 2021ರ ಡಿಸೆಂಬರಿನಲ್ಲಿ. ಅಮ್ಮ ಬಾಗಿಲಲ್ಲೇ ನಿಂತು, "ಗೋಡೆಗೆ ಕಾಫಿಪುಡಿ ಮೆತ್ತಿದ್ದೀಯಲ್ಲೋ" ಎಂದರು. ಬಣ್ಣಗಳಿಗೆ ಹೆಸರು, ನಂಬರು ಕೊಡುವ ಪ್ಯಾಂಟೋನ್ ಸಂಸ್ಥೆ ಮೋಕಾ ಮೂಸ್ ಎಂಬ ಕಂದನ್ನು 2025ರ 'ವರ್ಷದ ಬಣ್ಣ'ವೆಂದು ಆರಿಸಿದ ಮೇಲೆ ನೆಂಟರು ನನ್ನನ್ನು ಸ್ವಲ್ಪ ಗೌರವದಿಂದ ನೋಡಿದರು. ಆದರೆ ಅದು ಹಾಲು ಹೆಚ್ಚಾದ ಕಾಫಿ. ನಮ್ಮದು ಬರೀ ಡಿಕಾಕ್ಷನ್.

ಗಾಢ ಬಣ್ಣ ಒಂದೇ ಕೋಟ್‌ಗೆ ಗೋಡೆ ಮುಚ್ಚುತ್ತದೆ ಎಂದುಕೊಂಡಿದ್ದೆ. ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ಪ್ರೈಮರ್ ಮೇಲೆ ಮೂರು ಕೋಟ್ ಬೇಕಾಯಿತು. ತಿಳಿ ಬಣ್ಣಗಳಿಗೆ ಮುಚ್ಚುವ ಶಕ್ತಿ ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಗಾಢ ಬಣ್ಣ ಬೆರೆಸುವ ಬೇಸಿನಲ್ಲಿ, ಅಂದರೆ ಮೂಲ ಪೇಂಟಿನಲ್ಲಿ, ಅದಕ್ಕೆ ಹೆಚ್ಚು ಜಾಗವಿಲ್ಲ. ಬೂದು ಪ್ರೈಮರ್ ಹೊಡೆಸಿದ್ದರೆ ಒಂದು ಕೋಟ್ ಉಳಿಯುತ್ತಿತ್ತೇನೋ. ಅಂಗಡಿಯವರು ಆ ಮಾತನ್ನೇ ಎತ್ತಲಿಲ್ಲ.

ಮೊದಲ ತಿಂಗಳು ಪಶ್ಚಾತ್ತಾಪವೇ. 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ; ಕಡಿಮೆಯಾದಷ್ಟೂ ಹಳದಿ) ಬಿಳಿ ಟ್ಯೂಬ್‌ಲೈಟಿನ ಕೆಳಗೆ ಗೋಡೆ ಒದ್ದೆ ಮಣ್ಣಿನಂತೆ ಮಂಕಾಗಿತ್ತು. 3000 ಕೆಲ್ವಿನ್‌ನ ಹಳದಿ ಬಲ್ಬುಗಳನ್ನು ಹಾಕಿದ ಸಂಜೆ ಅದೇ ಗೋಡೆ ಎಣ್ಣೆ ಉಜ್ಜಿದ ಬೀಟೆ ಮರದಂತಾಯಿತು. ಕೆಳಗಿನ ಕೆಂಪು ನೆಲಕ್ಕೂ ಅಜ್ಜನ ಕಾಲದ ಕಂಬಕ್ಕೂ ಆಗ ನೆಂಟಸ್ತಿಕೆ ಕೂಡಿತು. ಬಣ್ಣಕ್ಕಿಂತ ಬಲ್ಬಿಗೆ ಮೊದಲು ಖರ್ಚು ಮಾಡಬೇಕಿತ್ತು.

ಹಗಲಿನ ಕಥೆ ಬೇರೆ. ಆಷಾಢದ ಮೋಡಕ್ಕೆ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು. ಅದೇ ಜುಲೈನಲ್ಲಿ ಪಶ್ಚಿಮದ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹೂವಿನಂತೆ ಎದ್ದಿತು. ಒದ್ದೆ ಬಟ್ಟೆಯಿಂದ ಒರೆಸಿದರೆ ಮಾಯ, ಒಣಗಿದೊಡನೆ ಹಾಜರು. ಬಣ್ಣವನ್ನು ಬೈದೆ, ತಪ್ಪು ನೀರಿನದು. ಹೊರಗೋಡೆಯ ಬಿರುಕಿನಿಂದ ಇಳಿದ ನೀರು ಗಾರೆಯೊಳಗಿನ ಉಪ್ಪನ್ನು ಕರಗಿಸಿ ತಂದು, ಆರಿದಲ್ಲಿ ಬಿಟ್ಟುಹೋಗುತ್ತಿತ್ತು. ಹಿಂದಿನ ಬಿಳಿ ಗೋಡೆ ಈ ಸೋರಿಕೆಯನ್ನು ಎಷ್ಟು ವರ್ಷ ಬಚ್ಚಿಟ್ಟಿತ್ತೋ. ಬಿರುಕು ಮುಚ್ಚಿಸಿದ ಮೇಲೆ ಮರುವರ್ಷ ಉಪ್ಪು ಅರ್ಧಕ್ಕರ್ಧ ಇಳಿಯಿತು.

ನನ್ನನ್ನು ನಿಜವಾಗಿ ದಣಿಸಿದ್ದು ತೇಪೆ. ಕುರ್ಚಿ ತಗಲಿ ಅಂಗೈಯಗಲ ಬಣ್ಣ ಕಿತ್ತುಬಂದಾಗ, ಜೋಪಾನವಾಗಿಟ್ಟಿದ್ದ ಅದೇ ಡಬ್ಬಿಯ ಬಣ್ಣವನ್ನು ಬ್ರಷ್ಷಿನಿಂದ ಹಚ್ಚಿದೆ. ಒಣಗಿದ ಮೇಲೆ ಅಲ್ಲೊಂದು ನಕಾಶೆ! ರೋಲರ್ ಬಿಟ್ಟ ಮೇಲ್ಮೈ ಬೇರೆ, ಬ್ರಷ್ ಬಿಟ್ಟದ್ದು ಬೇರೆ. ಜೊತೆಗೆ ಹಳೆಯ ಬಣ್ಣ ಬೆಳಕು ತಿಂದು ತುಸು ಮಾಸಿತ್ತು. "ಮೂಲೆಯಿಂದ ಮೂಲೆಗೆ ಪೂರ್ತಿ ಹೊಡೆಯಬೇಕು ಸರ್, ನಡುವೆ ಕೈಯಿಡಬಾರದು" ಎಂದರು ಪೇಂಟರ್. ಹಾಗೆಯೇ ಮಾಡಿಸಿದೆ, ಇನ್ನೊಂದು ದಿನದ ಕೂಲಿ ಕೊಟ್ಟು. ಹೊಳಪಿಲ್ಲದ ಬಣ್ಣವನ್ನು ಆರಿಸಿದ್ದರಿಂದ ಪುಟ್ಟಿಯ ಉಬ್ಬುತಗ್ಗು ಕಾಣುವುದಿಲ್ಲ, ಸರಿ. ಆದರೆ ಉಗುರು ಗೀಚಿದರೂ ಬಿಳಿ ಗೆರೆ. ಸ್ವಿಚ್ಚಿನ ಸುತ್ತ ಒರೆಸಿ ಒರೆಸಿ ಒಂದು ವೃತ್ತ ಮಿರುಗುತ್ತಿದೆ.

ಮತ್ತೆ ಇದೇ ಬಣ್ಣ ಹೊಡೆಸುತ್ತೇನೆಯೇ? ನಡುಮನೆಯ ಎರಡು ಗೋಡೆಗೆ, ಖಂಡಿತ. ಓಡಾಡುವ ಓಣಿಗೆ ಬೇಡವೇ ಬೇಡ. ಅಡುಗೆಮನೆಗೆ ಹೋಗುವ ಆ ಓಣಿಯನ್ನು ಹೋದ ವರ್ಷವೇ ತಿಳಿ ಕೆನೆ ಬಣ್ಣಕ್ಕೆ ತಿರುಗಿಸಿದೆ. ಕಂದನ್ನು ಅಡಗಿಸಲು ಅದಕ್ಕೂ ಮೂರು ಕೋಟ್ ಹಿಡಿಯಿತು. ಅಮ್ಮ ಈಗ ಕೂರುವುದು ಮಾತ್ರ ಕಾಫಿಪುಡಿ ಗೋಡೆಗೆ ಒರಗಿಯೇ. ಅವರ ತಲೆಯೆಣ್ಣೆಯ ಗುರುತಿಗೆ ಇನ್ನೂ ಮದ್ದು ಸಿಕ್ಕಿಲ್ಲ.